ಹಕ್ಕಿ ಕಾಲಿನ ಮಣ್ಣಲ್ಲಿ 82 ಸಸಿ

ಚಾರ್ಲ್ಸ್ ಡಾರ್ವಿನ್ ಅಂದ ಕೂಡಲೇ ಎಲ್ಲರೂ ಮಂಗನಿಂದ ಮಾನವ ಅಂತಾರೆ. ನಾನು ಬರೆಯುತ್ತಿರುವುದು ಅವರು ಬೀಜಗಳ ಬೆನ್ನುಹತ್ತಿದ ಕಥೆ.

ಇವರು 1809ನೇ ಇಸವಿ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಹುಟ್ಟಿದರು. ತಂದೆ ಡಾಕ್ಟರು. ಮಗನೂ ಡಾಕ್ಟರಾಗಲಿ ಅಂತ ಓದಲು ಕಳಿಸಿದರು. ಆಗ ಮತ್ತು ಬರಿಸುವ ಔಷಧ ಇರಲಿಲ್ಲ. ಒಂದು ಮಗುವಿನ ಆಪರೇಷನ್ ನೋಡಲಾಗದೆ ಡಾರ್ವಿನ್ ಹೊರಗೆ ಓಡಿಬಂದರು, ಆ ಓದನ್ನೇ ಬಿಟ್ಟರು. ಆಮೇಲೆ 1831ರಿಂದ 1836ರವರೆಗೆ ಬೀಗಲ್ ಎಂಬ ಹಡಗಿನಲ್ಲಿ ಪ್ರಪಂಚ ಸುತ್ತಿದರು.

ಸಮುದ್ರದ ನಡುವಿನ ದ್ವೀಪಗಳಲ್ಲೂ ಗಿಡಮರ ಇದ್ದವು. ಅಲ್ಲಿಗೆ ಬೀಜ ತಂದವರು ಯಾರು? ದೇವರು ಒಂದೊಂದು ಕಡೆ ಬೇರೆಬೇರೆಯಾಗಿ ಸೃಷ್ಟಿ ಮಾಡಿದ ಅಂತ ಬಹಳ ಜನ ನಂಬಿದ್ದ ಕಾಲ ಅದು. ಬೀಜವೇ ಪ್ರಯಾಣ ಮಾಡುತ್ತೆ ಅಂತ ತೋರಿಸದಿದ್ದರೆ ಡಾರ್ವಿನ್ ಅವರ ಮಾತು ನಿಲ್ಲುತ್ತಿರಲಿಲ್ಲ.

ಅದಕ್ಕೆ 87 ಬಗೆಯ ಬೀಜಗಳನ್ನು ಉಪ್ಪುನೀರಲ್ಲಿ ನೆನೆಹಾಕಿದರು. 28 ದಿನ ಆದಮೇಲೂ 64 ಬಗೆ ಮೊಳೆತವು! ಆದರೆ ಒಂದು ತೊಂದರೆ, ಬಿಡಿ ಬೀಜಗಳು ಮುಳುಗಿಬಿಡುತ್ತಿದ್ದವು. ಒಣಗಿಸಿದ ಕೊಂಬೆ ಸಮೇತ ಬಿಟ್ಟಾಗ ಕೆಲವು ತೇಲಿದವು. ಉಳಿದವು ದ್ವೀಪ ಮುಟ್ಟೋದು ಹೇಗೆ?

ಹಕ್ಕಿಗಳ ಕಡೆಯೂ ಅವರ ಕಣ್ಣು ಬಿತ್ತು. ತಮ್ಮ ತೋಟದಲ್ಲಿ ಎರಡು ತಿಂಗಳು ಸಣ್ಣ ಹಕ್ಕಿಗಳ ಹಿಕ್ಕೆ ಆರಿಸಿದರು. (ನಗಬೇಡಿ.) ಅದರಲ್ಲಿ 12 ಬಗೆಯ ಬೀಜ ಸಿಕ್ಕವು, ಬಿತ್ತಿ ನೋಡಿದರೆ ಕೆಲವು ಮೊಳೆತವು. ಹಣ್ಣಿನ ತಿರುಳು ಹಕ್ಕಿ ಹೊಟ್ಟೇಲಿ ಕರಗುತ್ತೆ, ಗಟ್ಟಿ ಬೀಜ ಹಾಗೇ ಹೊರಗೆ ಬರುತ್ತೆ. ಗೋಡೆ ಸಂದಿಯಲ್ಲಿ ಅರಳಿ ಸಸಿ ಏಳೋದೂ ಹೀಗೇನೆ, ಯಾರೂ ನೆಟ್ಟದ್ದಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಒಬ್ಬ ಪ್ರೊಫೆಸರರು ಗಾಯಗೊಂಡಿದ್ದ ಕೌಜುಗದ ಕಾಲೊಂದನ್ನು ಅವರಿಗೆ ಕಳಿಸಿದರು. ಅದಕ್ಕೆ ಗಟ್ಟಿ ಮಣ್ಣಿನ ಉಂಡೆ ಅಂಟಿತ್ತು. ಮೂರು ವರ್ಷ ಹಾಗೇ ಇಟ್ಟಿದ್ದ ಮಣ್ಣು ಅದು. ಒಡೆದು ನೀರು ಹಾಕಿ, ಮೇಲೆ ಗಾಜಿನ ಜಾಡಿ ಮುಚ್ಚಿಟ್ಟರೆ 82 ಸಸಿ ಎದ್ದವು! ಇನ್ನೊಮ್ಮೆ ಚಿಕ್ಕ ಕೊಳದ ಮೂರು ದೊಡ್ಡ ಚಮಚ ಕೆಸರನ್ನು ಆರು ತಿಂಗಳು ಇಟ್ಟು ಎಣಿಸಿದರು, ಒಟ್ಟು 537 ಸಸಿ. ಕೆಸರು ತುಳಿದು ಹಾರುವ ನೀರುಹಕ್ಕಿ ಎಷ್ಟು ಬೀಜ ಹೊರುತ್ತದೋ ನೀವೇ ಲೆಕ್ಕ ಹಾಕಿ.

1859ರಲ್ಲಿ ಅವರ ದೊಡ್ಡ ಪುಸ್ತಕ ಬಂತು. 1882ರ ಏಪ್ರಿಲ್ 19ರಂದು ತೀರಿಕೊಂಡರು. ಮರುವರ್ಷವೇ ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದು, ಆ ದ್ವೀಪದ ಕಾಡೆಲ್ಲ ಬೂದಿಯಡಿ ಹೋಯಿತು. ಮತ್ತೆ ಗಾಳಿ ಕೆಲವು ಬೀಜ ತಂದಿತು, ಅಲೆಗಳು ಕೆಲವು ತಂದವು. ಅತ್ತಿ ಜಾತಿಯ ಮರಗಳನ್ನು ತಂದದ್ದು ಮಾತ್ರ ಹಕ್ಕಿಗಳು, ಬಾವಲಿಗಳು. ಐವತ್ತು ವರ್ಷದೊಳಗೆ ಅಲ್ಲಿ ಕಾಡು ಬೆಳೆದಿತ್ತು. ಅದನ್ನು ನೋಡೋಕೆ ಡಾರ್ವಿನ್ ಅವರು ಇರಬೇಕಿತ್ತು.