ಜೆರ್ಸಿ ತೊಟ್ಟಾಗ ಮಾತ್ರ ನಮ್ಮವನು: ಪಾಲ್ ರೋಬ್ಸನ್ ಓದಿದ ಕಾಲೇಜು

ಪಾಲ್ ರೋಬ್ಸನ್ ಅಂದರೆ ನಮ್ಮಲ್ಲಿ ಹಾಡುಗಾರ ಅಂತಲೇ ಗೊತ್ತು. ಭೂಪೇನ್ ಹಜಾರಿಕಾ ಅವರ ಪ್ರಸಿದ್ಧ ನದಿಯ ಹಾಡಿಗೆ ಆತ ಹಾಡಿದ ಮಿಸಿಸಿಪ್ಪಿಯ ಹಾಡೇ ಪ್ರೇರಣೆ. ನನಗೆ ಮಾತ್ರ ಈ ಮನುಷ್ಯ ಹತ್ತಿರವಾದದ್ದು ಫುಟ್ಬಾಲ್ ಆಟಗಾರನಾಗಿ. ನಾನೂ ಯೂನಿವರ್ಸಿಟಿ ಬ್ಲೂ ಬ್ಲೇಜರ್ ಹಾಕಿಕೊಂಡು ಓಡಾಡಿದವನು. ಕ್ಯಾಂಪಸ್‌ನಲ್ಲಿ ಬ್ಲೇಜರ್‌ಗೆ ಸಿಗೋ ಮರ್ಯಾದೆ ಬೇರೆ, ಅದರೊಳಗಿರೋ ಹುಡುಗನಿಗೆ ಸಿಗೋದು ಬೇರೆ ಅಂತ ಹಾಸ್ಟೆಲ್‌ನಲ್ಲೇ ಅರ್ಥವಾಗಿತ್ತು.

ರೋಬ್ಸನ್ ಹುಟ್ಟಿದ್ದು 1898ರಲ್ಲಿ, ನ್ಯೂಜೆರ್ಸಿಯ ಪ್ರಿನ್ಸ್‌ಟನ್ನಿನಲ್ಲಿ. ಅಪ್ಪ ಹದಿಹರೆಯದಲ್ಲೇ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪಾದ್ರಿಯಾದವರು. ಅದೇ ಊರಿನ ದೊಡ್ಡ ವಿಶ್ವವಿದ್ಯಾಲಯ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 1915ರಲ್ಲಿ ರಾಜ್ಯಮಟ್ಟದ ಪರೀಕ್ಷೆ ಗೆದ್ದು, ಸ್ಕಾಲರ್‌ಶಿಪ್ ಮೇಲೆ ಈತ ರಟ್ಗರ್ಸ್ ಕಾಲೇಜು ಸೇರಿದ. ಗಮನಿಸಿ, ಬಂದದ್ದು ಸ್ಪೋರ್ಟ್ಸ್ ಕೋಟಾದಲ್ಲಲ್ಲ. ಆ ಕಾಲೇಜಿನ ಇತಿಹಾಸದಲ್ಲೇ ಮೂರನೇ ಕಪ್ಪು ವಿದ್ಯಾರ್ಥಿ.

ತಂಡದ ಆಯ್ಕೆಗೆ ಹೋದ ಮೊದಲ ದಿನವೇ ಅದೇ ಕಾಲೇಜಿನ ಹುಡುಗರು ಸೇರಿಕೊಂಡು ಬಾರಿಸಿದರು. ಮೂಗು ಮುರಿಯಿತು, ಭುಜದ ಕೀಲು ತಪ್ಪಿತು. ಅಮೆರಿಕನ್ ಫುಟ್ಬಾಲ್ ಹೇಗೂ ಮೈಮೇಲೆ ಬೀಳೋ ಆಟ, ಹೊಡೆತ ಯಾವುದು ಆಟ ಯಾವುದು ಅಂತ ಯಾರು ಕೇಳ್ತಾರೆ? ಹಾಸಿಗೆ ಹಿಡಿದವನು ಎದ್ದು ಮತ್ತೆ ಮೈದಾನಕ್ಕೆ ಬಂದ. ಈ ಸಲ ಒಬ್ಬ ಬೂಟುಗಾಲಿನಲ್ಲಿ ಅವನ ಕೈ ತುಳಿದ. ರೋಬ್ಸನ್ ಎದುರಾಳಿಯೊಬ್ಬನನ್ನು ಎತ್ತಿ ಹಿಡಿದಿದ್ದನ್ನು ಕಂಡ ಕೋಚ್ ಸ್ಯಾನ್‌ಫೋರ್ಡ್, ನೀನು ತಂಡದಲ್ಲಿದ್ದೀಯ ಅಂತ ಅಲ್ಲೇ ಕೂಗಿ ಹೇಳಿದರು.

ಆದರೆ ನನ್ನನ್ನು ಕಾಡೋದು ಈ ಏಟಲ್ಲ, 1916ರ ಒಂದು ಪಂದ್ಯ. ಕಾಲೇಜಿಗೆ 150 ವರ್ಷ ತುಂಬಿದ ಸಂಭ್ರಮ. ಎದುರಾಳಿ ದಕ್ಷಿಣದ ವಾಷಿಂಗ್ಟನ್ ಅಂಡ್ ಲೀ ವಿಶ್ವವಿದ್ಯಾಲಯ. ಕಪ್ಪು ಹುಡುಗನ ಜೊತೆ ಆಡಲ್ಲ ಅಂತ ಅವರು ಹಟ ಹಿಡಿದರು. ರಟ್ಗರ್ಸ್ ತನ್ನ ಆಟಗಾರನನ್ನೇ ಹೊರಗೆ ಕೂರಿಸಿತು. ಪಂದ್ಯ ಡ್ರಾ ಆಯಿತು. ಅತಿಥಿಗಳ ಜಾತಿವಾದ ಒಂದು ಕಡೆ ಇರಲಿ, ತಲೆಬಾಗಿದ ಆತಿಥೇಯರಿಗೆ ಏನನ್ನೋಣ? ಈ ಕಾಲೇಜಿನ ಮೊದಲ ಕಪ್ಪು ಪದವೀಧರ ಜೇಮ್ಸ್ ಕಾರ್ ಅದನ್ನು ಸುಮ್ಮನೆ ಬಿಡಲಿಲ್ಲ. 1919ರಲ್ಲಿ ಕಾಲೇಜಿನ ಅಧ್ಯಕ್ಷರಿಗೆ ಖಾರವಾಗಿಯೇ ಪತ್ರ ಬರೆದರು.

1917 ಮತ್ತು 1918ರಲ್ಲಿ ರೋಬ್ಸನ್ ಆಲ್-ಅಮೆರಿಕನ್, ಅಂದರೆ ದೇಶದ ಕಾಲೇಜು ಆಟಗಾರರಲ್ಲೇ ಆಯ್ದ ಅತ್ಯುತ್ತಮರಲ್ಲಿ ಒಬ್ಬ. ಬಾಸ್ಕೆಟ್‌ಬಾಲ್, ಬೇಸ್‌ಬಾಲ್, ಅಥ್ಲೆಟಿಕ್ಸ್‌ನಲ್ಲೂ ಕಾಲೇಜಿಗೆ ಆಡಿದ. ಆದರೆ ಅಂಥ ಕಂಠ ಇದ್ದೂ ಗಾಯನ ತಂಡದ ಜೊತೆ ಊರೂರಿಗೆ ಹೋಗುವಂತಿರಲಿಲ್ಲ. ಹಾಡು ಮುಗಿದ ಮೇಲಿನ ಪಾರ್ಟಿಗಳಲ್ಲಿ ಅವನಿಗೆ ಜಾಗ ಇರಲಿಲ್ಲ.

ಕೊನೆಯ ವರ್ಷ ಬರೆದ ಪ್ರಬಂಧದ ವಿಷಯ ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿ. ಕಾನೂನಿನ ಎದುರು ಎಲ್ಲರೂ ಸಮಾನರು ಅನ್ನುವ ಆ ವಿಧಿಯನ್ನು ಆತ ಮಲಗಿರುವ ದೈತ್ಯನಿಗೆ ಹೋಲಿಸಿದ್ದ. 1954ರಲ್ಲಿ ಶಾಲೆಗಳ ವರ್ಣಭೇದ ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ತಿದ್ದುಪಡಿ ಹಿಡಿದು! 1919ರಲ್ಲಿ ಪದವೀಧರರ ಪರವಾಗಿ ವಿದಾಯ ಭಾಷಣ ಮಾಡಿದವನೂ ಇವನೇ.

ಮುಂದೆ ಕೊಲಂಬಿಯಾದಲ್ಲಿ ಕಾನೂನು ಓದು, ಖರ್ಚಿಗೆ ವೃತ್ತಿಪರ ಫುಟ್ಬಾಲ್, ಆಮೇಲೆ ರಂಗಭೂಮಿ, ಸಿನಿಮಾ, ಸಂಗೀತ, ನೆಹರೂ ಸ್ನೇಹ. ವರ್ಣಭೇದದ ವಿರುದ್ಧ, ಸೋವಿಯತ್ ಪರವಾಗಿ ಮಾತಾಡಿದ್ದಕ್ಕೆ 1950ರಲ್ಲಿ ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿತು. ವಾಪಸ್ ಕೊಟ್ಟಿದ್ದು 1958ರಲ್ಲಿ. ಸ್ಟಾಲಿನ್ ಬಗ್ಗೆ ಆತ ಮೌನ ಮುರಿಯಲಿಲ್ಲ ಅನ್ನೋದು ನನಗೂ ಬೇಸರದ ವಿಷಯವೇ. ಅದಕ್ಕೂ ಫುಟ್ಬಾಲ್ ದಾಖಲೆಗೂ ಏನು ಸಂಬಂಧ? ಆ ವರ್ಷಗಳಲ್ಲಿ ಕಾಲೇಜು ಫುಟ್ಬಾಲಿನ ದಾಖಲೆಯಿಂದಲೂ ಅವನ ಹೆಸರು ಅಳಿಸಿದರು.

ರೋಬ್ಸನ್ ತೀರಿಕೊಂಡಿದ್ದು 1976ರಲ್ಲಿ. ಕಾಲೇಜು ಫುಟ್ಬಾಲಿನ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 1995ರಲ್ಲಿ. 2019ರಲ್ಲಿ ರಟ್ಗರ್ಸ್ ತನ್ನ ಕ್ಯಾಂಪಸ್‌ನ ಒಂದು ಚೌಕಕ್ಕೆ ಅವನ ಹೆಸರಿಟ್ಟಿತು. ಅಷ್ಟೊತ್ತಿಗೆ ಆತ ಡಿಗ್ರಿ ಮುಗಿಸಿ ನೂರು ವರ್ಷ ಆಗಿತ್ತು.