ವಲಯದೊಳಗೆ ಹುಟ್ಟಿದ ಲೆವ್ ವೈಗೋಟ್‌ಸ್ಕಿ

‘ವಲಯ’ ಎಂಬ ಪದ ನಮಗೆ ಹೊಸದಲ್ಲ. ರೈಲ್ವೆ ವಲಯ, ಕೈಗಾರಿಕಾ ವಲಯ ಎಂದು ದಿನವೂ ಕೇಳುತ್ತೇವೆ. 2020ರಲ್ಲಿ ಕೊರೋನಾ ಬಂದಾಗ ಕೆಂಪು, ಕಿತ್ತಳೆ, ಹಸಿರು ವಲಯಗಳ ಗೆರೆ ನಮ್ಮ ಬೀದಿಯವರೆಗೂ ಬಂದಿತ್ತು. ಗೆರೆ ಎಳೆದು, ಒಳಗೆ ಯಾರು, ಹೊರಗೆ ಯಾರು ಎಂದು ಹೇಳುವುದೇ ವಲಯದ ಕೆಲಸ ಎಂದು ನಾವು ತಿಳಿದಿದ್ದೇವೆ. ಅಂಥ ಒಂದು ಗೆರೆಯೊಳಗೇ ಹುಟ್ಟಿ, ಕೊನೆಗೆ ಆ ಪದಕ್ಕೇ ಬೇರೊಂದು ಅರ್ಥ ಕೊಟ್ಟುಹೋದವರು ಲೆವ್ ವೈಗೋಟ್‌ಸ್ಕಿ. ಬಿ.ಎಡ್. ಓದಿದ ನಮ್ಮ ಉಪನ್ಯಾಸಕರಿಗೆ ಈ ಹೆಸರು ಗೊತ್ತು. ಆದರೆ ಅವರ ಬದುಕಿನ ಕತೆ ವಿದ್ಯಾರ್ಥಿಗಳಾದ ನಮಗೂ ಬೇಕಾದದ್ದು.

ವೈಗೋಟ್‌ಸ್ಕಿ ಹುಟ್ಟಿದ್ದು 1896ರ ನವೆಂಬರ್‌ನಲ್ಲಿ, ಈಗ ಬೆಲಾರೂಸ್‌ನಲ್ಲಿರುವ ಓರ್ಶಾ ಪಟ್ಟಣದಲ್ಲಿ. ಬೆಳೆದದ್ದು ಗೋಮೆಲ್ ಎಂಬ ಊರಿನಲ್ಲಿ. ಆಗ ಅದೆಲ್ಲ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಅವರದು ಯಹೂದಿ ಕುಟುಂಬ. ಸಾಮ್ರಾಜ್ಯದ ಪಶ್ಚಿಮ ಭಾಗದ ನಿಗದಿತ ಪ್ರಾಂತ್ಯಗಳಲ್ಲಿ ಮಾತ್ರ ಯಹೂದಿಗಳು ವಾಸಿಸಬೇಕು ಎಂಬ ಕಾನೂನು 18ನೇ ಶತಮಾನದ ಕೊನೆಯಿಂದಲೇ ಜಾರಿಯಲ್ಲಿತ್ತು. ಕೆಲವರನ್ನು ಬಿಟ್ಟರೆ ಉಳಿದವರು ಆ ವಲಯ ದಾಟಿ ಮಾಸ್ಕೋದಂಥ ನಗರದಲ್ಲಿ ಮನೆ ಮಾಡುವಂತಿರಲಿಲ್ಲ. 1903ರಲ್ಲಿ ಗೋಮೆಲ್‌ನಲ್ಲಿ ಯಹೂದಿಗಳ ಮೇಲೆ ದಾಳಿ ನಡೆದಾಗ ಬಾಲಕ ಲೆವ್‌ಗೆ ಆರು ವರ್ಷ.

ತಂದೆ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರು. ತಾಯಿ ಶಿಕ್ಷಕಿಯಾಗಲು ತರಬೇತಿ ಪಡೆದವರು, ಆದರೆ ಎಂಟು ಮಕ್ಕಳನ್ನು ಬೆಳೆಸುವುದರಲ್ಲೇ ಅವರ ದಿನ ಮುಗಿಯುತ್ತಿತ್ತು. ಮನೆಯಲ್ಲಿ ಪುಸ್ತಕಗಳಿದ್ದವು, ಚರ್ಚೆ ಇತ್ತು. ಮೊದಮೊದಲು ಪಾಠವೂ ಮನೆಯಲ್ಲೇ. ಪಾಠ ಹೇಳಲು ಬರುತ್ತಿದ್ದ ಮೇಷ್ಟ್ರು ಉತ್ತರವನ್ನು ತಾವೇ ಕೊಡದೆ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಹುಡುಗನಿಂದಲೇ ಹೊರಡಿಸುತ್ತಿದ್ದರು.

1913ರಲ್ಲಿ ಲೆವ್ ಚಿನ್ನದ ಪದಕದೊಂದಿಗೆ ಶಾಲೆ ಮುಗಿಸಿದರು. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ಇದ್ದದ್ದು ನೂರಕ್ಕೆ ಮೂರು ಸೀಟು. ಪದಕ ಪಡೆದವರಿಗೆ ಅದು ಸಿಗುವ ಭರವಸೆಯಾದರೂ ಇತ್ತು. ಅದೇ ಹೊತ್ತಿಗೆ ಸರ್ಕಾರ ನಿಯಮ ಬದಲಿಸಿ, ಆ ಸೀಟುಗಳನ್ನು ಅಂಕ ನೋಡದೆ ಚೀಟಿ ಎತ್ತಿ ಹಂಚಬೇಕೆಂದಿತು. ವರ್ಷಗಟ್ಟಲೆ ಪಟ್ಟ ಶ್ರಮ ಒಂದು ಚೀಟಿಗೆ ಬಂದು ನಿಂತಿತು. ಚೀಟಿಯಲ್ಲಿ ಅವರ ಹೆಸರು ಬಂತು. ಅವರಷ್ಟೇ ಓದಿದ್ದ ಎಷ್ಟೋ ಹುಡುಗರ ಹೆಸರು ಬರಲಿಲ್ಲ.

ಮೊದಲು ಸೇರಿದ್ದು ವೈದ್ಯಕೀಯಕ್ಕೆ. ವೈದ್ಯರಾದವರು ವಲಯದ ಹೊರಗೆ ವಾಸಿಸಬಹುದು ಎಂಬ ಲೆಕ್ಕ ಮನೆಯವರದು. ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟು ಕಾನೂನಿಗೆ ಬದಲಾಯಿಸಿಕೊಂಡರು. ಅದರ ಜೊತೆಗೇ, ಎಲ್ಲರಿಗೂ ಬಾಗಿಲು ತೆರೆದಿದ್ದ ಶಾನ್ಯಾವ್‌ಸ್ಕಿ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ತತ್ವಶಾಸ್ತ್ರ ಓದಿದರು. ಷೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕದ ಮೇಲೆ ದೀರ್ಘ ಪ್ರಬಂಧ ಬರೆದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

1917ರಲ್ಲಿ ಕ್ರಾಂತಿಯಾಗಿ ವಸತಿ ವಲಯದ ಕಾನೂನು ರದ್ದಾಯಿತು. ಇಡೀ ದೇಶ ತೆರೆದುಕೊಂಡ ಆ ವರ್ಷವೇ ವೈಗೋಟ್‌ಸ್ಕಿ ಗೋಮೆಲ್‌ಗೆ ಮರಳಿದರು. ಅಲ್ಲಿ ಕ್ಷಯರೋಗ ಮನೆಯೊಳಗೆ ಬಂದಿತ್ತು. ತಾಯಿಯ ಮತ್ತು ತಮ್ಮನ ಆರೈಕೆ ಅವರ ಪಾಲಿಗೆ ಬಂತು. ತಮ್ಮ ಬದುಕಲಿಲ್ಲ. ಕೆಲವೇ ವರ್ಷಗಳಲ್ಲಿ ರೋಗ ಅವರಿಗೂ ಅಂಟಿತು. ಕ್ಷಯಕ್ಕೆ ಪರಿಣಾಮಕಾರಿ ಔಷಧ ಇಲ್ಲದ ಕಾಲ ಅದು. ಈ ರೋಗದೊಡನೆ ಉಳಿದ ಬದುಕು ಎಷ್ಟೆಂದು ಯಾರೂ ಹೇಳುವಂತಿರಲಿಲ್ಲ.

ಅವರು ಕೆಲಸ ನಿಲ್ಲಿಸಲಿಲ್ಲ. ಊರಿನ ಶಾಲೆಗಳಲ್ಲಿ ಸಾಹಿತ್ಯ ಕಲಿಸಿದರು, ನಾಟಕಗಳ ವಿಮರ್ಶೆ ಬರೆದರು, ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಒಂದು ಸಣ್ಣ ಮನಶ್ಶಾಸ್ತ್ರ ಪ್ರಯೋಗಾಲಯ ನಡೆಸಿದರು. 1924ರ ಜನವರಿಯಲ್ಲಿ ಪೆಟ್ರೋಗ್ರಾಡ್‌ನ ಒಂದು ಸಮ್ಮೇಳನದಲ್ಲಿ ಅವರು ಮಾಡಿದ ಭಾಷಣ ಕೇಳಿ ಅಲೆಕ್ಸಾಂಡರ್ ಲೂರಿಯಾ ಬೆರಗಾದರು. ಯಾರಿಗೂ ಪರಿಚಯವಿಲ್ಲದ ಈ ಸಣ್ಣ ಊರಿನ ಮೇಷ್ಟ್ರಿಗೆ ಮಾಸ್ಕೋದ ಮನಶ್ಶಾಸ್ತ್ರ ಸಂಸ್ಥೆಯಿಂದ ಕರೆ ಬಂತು. ಅವರು ಹೆಂಡತಿಯೊಡನೆ ಆ ಸಂಸ್ಥೆಯ ನೆಲಮಾಳಿಗೆಯಲ್ಲೇ ವಾಸಕ್ಕಿದ್ದರು.

ಅಲ್ಲಿಂದ ಮುಂದೆ ಅವರಿಗೆ ಸಿಕ್ಕಿದ್ದು ಹತ್ತೇ ವರ್ಷ. 1925ರಲ್ಲಿ ಕಲೆಯ ಮನಶ್ಶಾಸ್ತ್ರದ ಬಗ್ಗೆ ಪ್ರಬಂಧ ಮುಗಿಸಿದರು. ಕಲೆ ಒಬ್ಬನ ಮನಸ್ಸಿನ ಒಳಕೋಣೆಯ ವಿಷಯ ಮಾತ್ರವಲ್ಲ, ನಮ್ಮ ಭಾವನೆಗಳನ್ನು ಸಮಾಜದ ಬದುಕಿನೊಳಗೆ ತರುವ ದಾರಿ ಎಂಬುದು ಅದರ ತಿರುಳು. ಅದೇ ವರ್ಷ ಕಿವಿ ಕೇಳಿಸದ ಮಕ್ಕಳ ಶಿಕ್ಷಣದ ಸಮ್ಮೇಳನಕ್ಕೆ ಲಂಡನ್‌ಗೆ ಹೋಗಿಬಂದರು. ಮರಳಿದ ಮೇಲೆ ರೋಗ ಉಲ್ಬಣಿಸಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿರಬೇಕಾಯಿತು. ಕಿಕ್ಕಿರಿದ ವಾರ್ಡಿನಲ್ಲಿ ಮಲಗಿಯೂ ಅವರು ಓದು ಬಿಡಲಿಲ್ಲ.

ಕಣ್ಣು ಕಾಣದ, ಕಿವಿ ಕೇಳಿಸದ ಮಕ್ಕಳ ಬಗ್ಗೆ ಅವರು ಕಂಡುಕೊಂಡ ಸತ್ಯ ದೊಡ್ಡದು. ಮಗುವಿಗೆ ಹೆಚ್ಚಿನ ನಷ್ಟ ಆಗುವುದು ಕಣ್ಣು ಅಥವಾ ಕಿವಿಯ ದೋಷದಿಂದಲ್ಲ, ಆ ಕಾರಣಕ್ಕೆ ಉಳಿದವರ ಒಡನಾಟದಿಂದ ಅದನ್ನು ದೂರ ಇಡುವುದರಿಂದ ಎಂದು ಅವರು ವಾದಿಸಿದರು. ಬೆರಳಿನಿಂದ ಬ್ರೈಲ್ ಓದುವ ಮಗು ಕಣ್ಣಿನಿಂದ ಓದುವ ಮಗುವಿನ ಲೋಕಕ್ಕೇ ಬೇರೆ ದಾರಿಯಿಂದ ಬಂದು ಸೇರುತ್ತದೆ. ಗೆರೆಯ ಆಚೆ ಇರಿಸಿದರೆ ಏನಾಗುತ್ತದೆ ಎಂಬುದನ್ನು ಅವರು ಪುಸ್ತಕದಿಂದಷ್ಟೇ ತಿಳಿದವರಲ್ಲ.

ಕೊನೆಯ ಎರಡು ವರ್ಷಗಳಲ್ಲಿ ಅವರು ಬುದ್ಧಿಯನ್ನು ಅಳೆಯುವ ಪರೀಕ್ಷೆಗಳತ್ತ ತಿರುಗಿದರು. ಮಗುವನ್ನು ಒಂಟಿಯಾಗಿ ಕೂರಿಸಿ, ಎಷ್ಟು ಲೆಕ್ಕ ಬಿಡಿಸಿತು ಎಂದು ನೋಡಿ, ಇದರ ಬುದ್ಧಿ ಇಷ್ಟೇ ಎಂದು ಬರೆದುಬಿಡುವ ಕಾಲ ಅದು. ವೈಗೋಟ್‌ಸ್ಕಿ ಬೇರೆ ರೀತಿ ಯೋಚಿಸಿದರು. ಇಬ್ಬರು ಮಕ್ಕಳು ಎಂಟು ವರ್ಷದವರ ಮಟ್ಟದ ಲೆಕ್ಕಗಳನ್ನು ತಾವೇ ಬಿಡಿಸುತ್ತಾರೆ ಎಂದಿಟ್ಟುಕೊಳ್ಳೋಣ. ಈಗ ಇಬ್ಬರಿಗೂ ಸ್ವಲ್ಪ ಸುಳಿವು ಕೊಡಿ, ಮೊದಲ ಹೆಜ್ಜೆ ತೋರಿಸಿ. ಒಬ್ಬ ಒಂಬತ್ತು ವರ್ಷದವರ ಲೆಕ್ಕದವರೆಗೆ ಹೋಗುತ್ತಾನೆ, ಇನ್ನೊಬ್ಬ ಹನ್ನೆರಡು ವರ್ಷದವರದ್ದನ್ನೂ ಬಿಡಿಸುತ್ತಾನೆ. ಹಾಗಾದರೆ ಇಬ್ಬರೂ ಒಂದೇ ಎನ್ನುವುದು ಹೇಗೆ?

ಒಬ್ಬನೇ ಮಾಡಬಲ್ಲದ್ದಕ್ಕೂ, ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಈ ಜಾಗಕ್ಕೆ ಅವರು ಸಮೀಪದ ಬೆಳವಣಿಗೆಯ ವಲಯ ಎಂದು ಹೆಸರಿಟ್ಟರು. ಈಗಾಗಲೇ ಬಂದದ್ದನ್ನೇ ಮತ್ತೆ ಕಲಿಸಿದರೆ ಮಗು ಬೆಳೆಯುವುದಿಲ್ಲ. ಕೈಗೆ ಎಟುಕದ್ದನ್ನು ಹೇರಿದರೆ ಸೋಲುತ್ತದೆ. ಕಲಿಕೆ ನಡೆಯುವುದು ಈ ನಡುವಿನ ಜಾಗದಲ್ಲಿ. ಇಂದು ನೆರವಿನಿಂದ ಮಾಡಿದ್ದನ್ನು ಮಗು ನಾಳೆ ತಾನೇ ಮಾಡುತ್ತದೆ. ಹಾಗಾಗಿ ಈ ವಲಯದ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ, ಕಲಿತಂತೆಲ್ಲ ಮುಂದೆ ಸರಿಯುತ್ತದೆ. ನೆರವು ನೀಡುವವರು ಶಿಕ್ಷಕರೇ ಆಗಬೇಕೆಂದೂ ಇಲ್ಲ, ಹೆಚ್ಚು ಬಲ್ಲ ಸಹಪಾಠಿಯೂ ಆಗಬಹುದು.

1934ರ ಜೂನ್ 11ರಂದು ವೈಗೋಟ್‌ಸ್ಕಿ ಕ್ಷಯದಿಂದ ತೀರಿಕೊಂಡರು. ವಯಸ್ಸು 37. ಇಬ್ಬರು ಹೆಣ್ಣುಮಕ್ಕಳು ಇನ್ನೂ ಚಿಕ್ಕವರು. ಚಿಂತನೆ ಮತ್ತು ಭಾಷೆಯ ಕುರಿತ ಅವರ ಮುಖ್ಯ ಗ್ರಂಥ ಅಚ್ಚಾದದ್ದು ಅವರು ಹೋದ ಮೇಲೆ. ಎರಡೇ ವರ್ಷಗಳಲ್ಲಿ, 1936ರ ಸರ್ಕಾರಿ ಆದೇಶವೊಂದರ ನಂತರ, ಅವರ ಬರಹಗಳು ಬದಿಗೆ ಸರಿದವು. ಸುಮಾರು ಇಪ್ಪತ್ತು ವರ್ಷ ಅವು ಮತ್ತೆ ಅಚ್ಚಾಗಲಿಲ್ಲ. 1956ರಲ್ಲಿ ಆ ಗ್ರಂಥ ಮರುಮುದ್ರಣವಾಯಿತು, 1962ರಲ್ಲಿ ಇಂಗ್ಲಿಷಿಗೆ ಬಂತು. ಕಲೆಯ ಕುರಿತ ಪ್ರಬಂಧ ಪುಸ್ತಕವಾದದ್ದು 1965ರಲ್ಲಿ. ಇಂದು ಶಿಕ್ಷಕರ ತರಬೇತಿಯಲ್ಲಿ ಅವರ ಹೆಸರು ಬಾರದ ದೇಶ ಅಪರೂಪ.

ಗೆಳೆಯರೇ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂದು ಹಂಚಿಹೋದವರು ನಾವು. ಆ ಹಾಳೆ ಹೇಳುವುದು ಅಂದು ಒಬ್ಬರೇ ಕೂತು ಎಷ್ಟು ಬರೆದೆವು ಎಂಬುದನ್ನು ಮಾತ್ರ. ತೋಟ ಹೇಗಿದೆ ಎಂದು ತಿಳಿಯಲು ಮಾಗಿದ ಹಣ್ಣನ್ನಷ್ಟೇ ಅಲ್ಲ, ಮಾಗುತ್ತಿರುವ ಕಾಯನ್ನೂ ನೋಡಬೇಕು ಎಂಬ ಹೋಲಿಕೆ ವೈಗೋಟ್‌ಸ್ಕಿಯವರದೇ. ಹಿಂದಿನ ಬೆಂಚಿನಲ್ಲಿ ಕೂತು, ತಿಳಿಯಲಿಲ್ಲ ಎಂದು ಹೇಳಲು ನಾಚಿಕೊಳ್ಳುವ ಗೆಳೆಯನಿಗೆ ಬೇಕಾಗಿರುವುದು ಬಹುಶಃ ಮೊದಲ ಒಂದು ಹೆಜ್ಜೆ ಮಾತ್ರ. ಅದನ್ನು ಕೇಳುವುದು ಅವಮಾನವಲ್ಲ. ತೋರಿಸುವವರಿಗೂ ಅದರಿಂದ ನಷ್ಟವಿಲ್ಲ.