ವಚನಪಿತಾಮಹ ಫ. ಗು. ಹಳಕಟ್ಟಿಯವರು

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಸೀಮೆಗಳ ಭಕ್ತರು ಲಿಂಗಪೂಜೆಯನ್ನು ತೀರಿಸಿ ಶಿವಶರಣರ ವಚನಗಳನ್ನು ಅಚ್ಚಿನ ಪುಸ್ತಕದಿಂದ ಓದುವದು ಇಂದು ಸಹಜವಾದ ಸಂಗತಿ. ಅವರ ಮುತ್ತಜ್ಜಂದಿರಿಗೆ ಈ ಅನುಕೂಲವಿದ್ದಿಲ್ಲ. ಆಗ ವಚನಗಳು ತಾಳೆಯೋಲೆಯ ಕಟ್ಟುಗಳಾಗಿ, ವಸ್ತ್ರದಲ್ಲಿ ಸುತ್ತಲ್ಪಟ್ಟು, ಮಠಗಳ ಮಾಡಗಳಲ್ಲಿಯೂ ಮನೆಗಳ ದೇವರ ಜಗಲಿಗಳಲ್ಲಿಯೂ ಇದ್ದುವು. ವಿಭೂತಿ ಪತ್ರಿಗಳು ಅವಕ್ಕೆ ತಪ್ಪದೆ ಸಲ್ಲುತ್ತಿದ್ದುವು. ಬಿಚ್ಚಿ ಓದುವವರು ಮಾತ್ರ ವಿರಳರು. ಹುಳುಗಳೇ ಅವುಗಳ ನಿತ್ಯಪಾಠಕರೆಂದರೂ ಸಲ್ಲುವದು. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಲಾಗಿ ಅಲ್ಲಿ ಓಲೆಗ್ರಂಥಗಳಿಗೊಂದು ಆಶ್ರಯವು ದೊರೆಯಿತು. ಆ ಕಾಲದಲ್ಲಿಯೇ ಬಿಜಾಪುರದಲ್ಲಿ ಒಬ್ಬ ವಕೀಲರು ಈ ಕಟ್ಟುಗಳನ್ನು ಬಿಚ್ಚಿ ಓದುತ್ತ ಕುಳಿತಿದ್ದರು. ಅವರೇ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ಮುಂಬಯಿಯಲ್ಲಿ ಕಾಯಿದೆಯ ಪರೀಕ್ಷೆಯನ್ನು ಮುಗಿಸಿ ಬಿಜಾಪುರದಲ್ಲಿ ವಕೀಲಿಯಲ್ಲಿ ನಿಂತು, 1910ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಗೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿಗೂ ಕಾರಣಪುರುಷರಾದರು. ಇವೆಲ್ಲ ಹಿರಿಯ ಕಾರ್ಯಗಳೇ ಸರಿ. ಆದರೆ ಅವರ ಹೆಸರು ನಿಂತಿರುವದು ಬೇರೊಂದರಿಂದ.

1903ರ ಸುಮಾರಿಗೆ ರಬಕವಿಯ ಮಂಚಾಲೆಯವರ ಮನೆಯಲ್ಲಿ ಅವರಿಗೆ ಕೆಲವು ಓಲೆಯ ಕಟ್ಟುಗಳು ಕಾಣದೊರೆತವು. ಅಂದಿನಿಂದ ಊರೂರು ಅಲೆದು, ಮಠಾಧಿಪತಿಗಳನ್ನೂ ಮನೆತನಸ್ಥರನ್ನೂ ಬೇಡಿ, ಕೆಲವನ್ನು ತಂದು, ಕೆಲವನ್ನು ಅಲ್ಲಿಯೇ ನಕಲು ಮಾಡಿಕೊಂಡರು. ಆದರೆ ಪ್ರಥಮ ಸಂಕಲನವು ಅಚ್ಚಾದದ್ದು 1923ರಲ್ಲಿ. ನಡುವೆ ಇಪ್ಪತ್ತು ವರುಷಗಳು! ಕೋರ್ಟಿನ ಕೆಲಸ, ಊರ ಕೆಲಸ, ದ್ರವ್ಯಾಭಾವ, ಇವೆಲ್ಲ ಈ ವಿಳಂಬಕ್ಕೆ ಕಾರಣಗಳೇ. ಆದರೆ ಓಲೆಗಳನ್ನು ಬಲ್ಲವರಿಗೆ ಇನ್ನೊಂದು ಕಾರಣವೂ ಹೊಳೆಯದಿರದು.

ಓಲೆಯಲ್ಲಿ ಶಬ್ದಶಬ್ದಗಳ ನಡುವೆ ತೆರಪಿಲ್ಲ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದವಿಲ್ಲ. ಕಂಟದಿಂದ ಕೊರೆದ ಗೆರೆಯಲ್ಲಿ ಮಸಿ ಅಳಿಸಿದ್ದರೆ ಅಕ್ಷರವೇ ಕಾಣದು. ಒಂದು ಪ್ರತಿಯಲ್ಲಿದ್ದ ವಚನವು ಇನ್ನೊಂದರಲ್ಲಿಲ್ಲ. ಇದ್ದರೂ ಪಾಠವು ಬೇರೆ, ಒಮ್ಮೊಮ್ಮೆ ಅಂಕಿತವೂ ಬೇರೆ. ನಾಲ್ಕು ಪ್ರತಿಗಳನ್ನು ತಾಳೆ ನೋಡಿ ಮುಗಿಸುವಷ್ಟರಲ್ಲಿ ಐದನೆಯದು ಯಾವದೋ ಊರಿನಲ್ಲಿದೆಯೆಂಬ ವಾರ್ತೆಯು ಬರುವದು. ಶುದ್ಧಪಾಠವು ಸಿದ್ಧಿಸಿದ ಹೊರತು ಶರಣರ ಮಾತನ್ನು ಲೋಕದ ಮುಂದಿಡಬಾರದೆಂದು ಹಟ ಹಿಡಿದವನಿಗೆ ಈ ಕೆಲಸಕ್ಕೆ ಕೊನೆಯೆಂಬುದೇ ಇಲ್ಲ. ಅದರಲ್ಲಿಯೂ ವಕೀಲನಾದವನಿಗೆ ಸಾಕ್ಷ್ಯವೆಲ್ಲ ಕೈಸೇರುವ ಮೊದಲು ಬಾಯಿಬಿಡುವದು ಹಿತವಲ್ಲ. ಪಂಡಿತರೆಷ್ಟೋ ಜನರು ಹೀಗೆಯೇ ತಿದ್ದುತ್ತ ತಿದ್ದುತ್ತ ಆಯುಷ್ಯವನ್ನು ಕಳೆದು, ತಿದ್ದಿದ ಹಾಳೆಗಳನ್ನು ಮಕ್ಕಳಿಗೆ ಬಿಟ್ಟು ಹೋಗಿರುವರು. ಮಕ್ಕಳು ಅವನ್ನು ಪುನಃ ಜಗಲಿಗೇರಿಸಿರುವರು.

ಹಳಕಟ್ಟಿಯವರು ಹಾಗೆ ಮಾಡಲಿಲ್ಲ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದ ಹಸ್ತಪ್ರತಿಯು ಅಚ್ಚಾಗದೆ ಮರಳಿ ಬಂದಿತು. ಮತ್ತೊಮ್ಮೆ ತಿದ್ದುವ ನೆಪದಿಂದ ಅದನ್ನು ಪೆಟ್ಟಿಗೆಯಲ್ಲಿಡಲು ಇದಕ್ಕಿಂತ ಒಳ್ಳೆಯ ಸಂದರ್ಭವು ಯಾರಿಗೆ ದೊರೆತೀತು? ಅವರು ಅದನ್ನು ಬೆಳಗಾಂವಿಯ ಮಹಾವೀರ ಮುದ್ರಣಾಲಯಕ್ಕೆ ಒಯ್ದು 1923ರಲ್ಲಿ ‘ವಚನಶಾಸ್ತ್ರಸಾರ’ವೆಂಬ ಹೆಸರಿನಿಂದ ಹೊರಗೆ ತಂದರು. ಪುಸ್ತಕದ ಮೇಲೆ ಭಾಗ ಒಂದು ಎಂದಿದೆ. ಇನ್ನೂ ಬರುವದಿದೆ, ಇದೇ ಪೂರ್ಣವಲ್ಲವೆಂಬ ಒಪ್ಪಿಗೆಯು ಆ ಎರಡು ಮಾತುಗಳಲ್ಲಿಯೇ ಅಡಗಿದೆ.

ಮುಂದೆ ಅವರು ಹಿಂಜರಿಯುವದಕ್ಕೆ ತಮಗೇ ದಾರಿಯಿಲ್ಲದಂತೆ ಮಾಡಿಕೊಂಡರು. 1925ರಲ್ಲಿ ಮನೆಯನ್ನು ಮಾರಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ತ್ರೈಮಾಸಿಕವಾಗಿ ಆರಂಭಿಸಿದರು. ಗ್ರಂಥವು ಕಾಯಬಲ್ಲದು, ಪತ್ರಿಕೆಯು ಕಾಯಲೊಲ್ಲದು. ಮೂರು ತಿಂಗಳಿಗೊಮ್ಮೆ ಸಂಚಿಕೆಯು ಹೊರಡಲೇಬೇಕಾದುದರಿಂದ ಕೈಯಲ್ಲಿದ್ದ ಪ್ರತಿಯಿಂದ, ಸಿಕ್ಕಷ್ಟು ಪಾಠದಿಂದ, ಒಬ್ಬೊಬ್ಬ ಶರಣನ ವಚನಗಳು ಕಂತುಕಂತಾಗಿ ಅಚ್ಚಾದವು. ಗೂಳೂರ ಸಿದ್ಧವೀರಣಾರ್ಯರ ಶೂನ್ಯಸಂಪಾದನೆಯು 1930ರಲ್ಲಿ ಬೆಳಕು ಕಂಡಿತು. ಹರಿಹರನ ರಗಳೆಗಳೂ ಅವರ ಕೈಯಿಂದ ಅಚ್ಚಾದವು. ಹಿರೇಕೆರೂರ ಸೀಮೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವು ಸೋಮೇಶ್ವರ ದೇವಾಲಯದ ಶಾಸನದಲ್ಲಿ ನೂರಾರು ವರುಷಗಳಿಂದ ನಿಂತಿದ್ದಿತು. ಆ ಶರಣನನ್ನು ಕುರಿತ ಹರಿಹರನ ರಗಳೆಯನ್ನೂ ಓದುವ ಭಾಗ್ಯವು ಭಕ್ತರಿಗೆ ಲಭಿಸಿದ್ದು ಇಂಥ ಮುದ್ರಣಗಳಿಂದಲೇ.

ದೋಷಗಳು ಇದ್ದುವೆ? ಇದ್ದುವು. ಅವರು ಪಾಠಾಂತರಗಳನ್ನು ಕ್ರಮವಾಗಿ ಕೊಡಲಿಲ್ಲ. ವಚನಶಾಸ್ತ್ರಸಾರದಲ್ಲಿ ಬೇರೆಬೇರೆ ಶರಣರ ಮಾತುಗಳನ್ನು ವಿಷಯಕ್ಕನುಸಾರವಾಗಿ ಒಂದೆಡೆ ಕಲೆಹಾಕಿದ್ದರಿಂದ ಒಬ್ಬೊಬ್ಬರ ವಾಣಿಯ ಪ್ರತ್ಯೇಕತೆಯು ಮಸುಕಾಯಿತು. ವಿದ್ವಾಂಸರು ಇದನ್ನು ಆಕ್ಷೇಪಿಸಿರುವದು ನ್ಯಾಯವೇ. ಆದರೆ ಆಕ್ಷೇಪಿಸುವವರ ಮುಂದೆ ಆಕ್ಷೇಪಣೆಗೆ ವಸ್ತುವೊಂದು ಇದ್ದಿತೆಂಬುದನ್ನೂ ಮರೆಯಲಾಗದು. ತರುವಾಯದ ಸಂಪಾದಕರು ಹೆಚ್ಚಿನ ಪ್ರತಿಗಳನ್ನು ಕೂಡಿಸಿ ಪರಿಷ್ಕರಿಸಿದರು. 1993ರಲ್ಲಿ ಕರ್ನಾಟಕ ಸರಕಾರದ ವತಿಯಿಂದ ಸಮಗ್ರ ವಚನಗಳು 15 ಸಂಪುಟಗಳಾಗಿ ಬಂದುವು.

1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆಯು ಅವರಿಗೆ ಬಂದಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ಕೊಟ್ಟಿತು. ಮಾರಿದ ಮನೆಯ ಹಣವು ಅಚ್ಚಿನ ಮೊಳೆಗಳಲ್ಲಿಯೂ ಕಾಗದದಲ್ಲಿಯೂ ಕರಗಿಹೋಗಿತ್ತು. ಶಿವಾನುಭವವನ್ನು ಮೂರು ದಶಕಗಳಿಗೂ ಮಿಕ್ಕಿ ನಡೆಯಿಸಿ, 1964ನೆಯ ಇಸವಿ ಜೂನ್ 29ರಂದು ಬಿಜಾಪುರದಲ್ಲಿ ಅವರು ಲಿಂಗೈಕ್ಯರಾದರು.